ಅಂಕ ಇಲ್ಲದ ಟೆಸ್ಟು, ಅಂಕ ಇರೋ ಪರೀಕ್ಷೆ: ಡಿಗ್ರಿ ಕಾಲೇಜಲ್ಲಿ ಆನ್‌ಲೈನ್ ಯಾವುದಕ್ಕೆ ಬೇಕು?

ಬಿಎ ಮೊದಲನೇ ಸೆಮಿಸ್ಟರ್ ಅರ್ಥಶಾಸ್ತ್ರಕ್ಕೆ ಒಂದ್ಸಲ ಇಂಟರ್ನಲ್ ಟೆಸ್ಟನ್ನ ಗೂಗಲ್ ಫಾರ್ಮಲ್ಲಿ ಕೊಟ್ಟಿದ್ದೆ. 20 ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ, ರಾತ್ರಿ 8ರಿಂದ 9ರವರೆಗೆ ಟೈಮು. ಬೆಳಿಗ್ಗೆ ಶೀಟ್ ತೆಗೆದು ನೋಡಿದ್ರೆ ಹೆಚ್ಚುಕಮ್ಮಿ ಎಲ್ರಿಗೂ 19, 20. ತಪ್ಪು ಮಾಡಿದ ಕೆಲವರು ಕೂಡ ಅದೇ ಪ್ರಶ್ನೇಲಿ ಅದೇ ತಪ್ಪನ್ನೇ ಮಾಡಿದ್ರು, ಅಂದ್ರೆ ಯಾರೋ ಒಬ್ರು ಮಾಡಿದ ಸ್ಕ್ರೀನ್‌ಶಾಟ್ ಎಲ್ಲಾ ಕಡೆ ಓಡಾಡಿದೆ ಅಂತ ಅರ್ಥ. ಅವತ್ತು ಕ್ಲಾಸಿಗೆ ಹೋಗಿ ಒಂದೇ ಒಂದು ಪ್ರಶ್ನೆ ಕೇಳ್ದೆ. ಆಯುಧಪೂಜೆ ಹಿಂದಿನ ದಿನ ಸೇವಂತಿಗೆ ರೇಟು ಏರುತ್ತೆ, ಬೂದುಗುಂಬಳ ರೇಟೂ ಏರುತ್ತೆ, ಆದ್ರೂ ಜನ ಬೇರೆ ದಿನಕ್ಕಿಂತ ಜಾಸ್ತಿನೇ ಕೊಳ್ತಾರೆ, ಹಾಗಾದ್ರೆ ಬೆಲೆ ಏರಿದ್ರೆ ಬೇಡಿಕೆ ಇಳಿಯುತ್ತೆ ಅಂತ ನಾವು ಓದಿದ ನಿಯಮ ಸುಳ್ಳಾ? ಸುಮಾರು ಹೊತ್ತು ಯಾರೂ ಮಾತಾಡ್ಲಿಲ್ಲ. ಆಮೇಲೆ ಒಬ್ಬ ಹುಡುಗ ಎದ್ದು ನಿಂತು "ಸುಳ್ಳು ಸಾರ್" ಅಂದ. ಅವನಿಗೆ ಹಿಂದಿನ ರಾತ್ರಿ ಬಿದ್ದಿದ್ದು 20ಕ್ಕೆ 20.

ಆ ಹುಡುಗನ ಮೇಲೆ ನಂಗೆ ಸಿಟ್ಟು ಬರ್ಲಿಲ್ಲ. ಸಿಟ್ಟಿದ್ದಿದ್ದು ಆ ಟೆಸ್ಟ್ ಮೇಲೆ. ಅದು ಅವನಿಗೂ ಏನೂ ಹೇಳ್ಲಿಲ್ಲ, ನಂಗೂ ಏನೂ ಹೇಳ್ಲಿಲ್ಲ, ಆದ್ರೆ ಅಂಕ ಮಾತ್ರ ಪೋರ್ಟಲ್ ಸೇರ್ಕೊಂಡ್ಬಿಡ್ತು. ಆವಾಗಿಂದ ನಾನು ಯೋಚನೆ ಮಾಡ್ತಿರೋದು ಒಂದೇ ವಿಷ್ಯ, ಆನ್‌ಲೈನ್ ಪರೀಕ್ಷೆ ಬೇಕಾ ಬೇಡ್ವಾ ಅಂತಲ್ಲ, ಅದ್ರ ಕೈಲಿ ಯಾವ ಕೆಲ್ಸ ಮಾಡಿಸ್ಬೇಕು ಅಂತ. ನಮ್ಮಲ್ಲಿ ಅದಕ್ಕೆ ಕೊಟ್ಟಿರೋ ಕೆಲ್ಸಾನೇ ತಪ್ಪು ಅನ್ನೋದು ನನ್ನ ಅಭಿಪ್ರಾಯ.

ಇದು ಹೆಂಗೆ ಶುರುವಾಯ್ತು ಅಂತ ಸ್ವಲ್ಪ ನೆನಪು ಮಾಡ್ಕೊಳ್ಳೋಣ. 2020ರ ಲಾಕ್‌ಡೌನಲ್ಲಿ ಕಾಲೇಜು ಮುಚ್ಚಿದ್ವು, ಜುಲೈ ತಿಂಗಳಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದ್ರೆ ಯುಜಿಸಿ, ಕೊನೇ ವರ್ಷದವ್ರಿಗೆ ಪರೀಕ್ಷೆ ಮಾಡ್ಲೇಬೇಕು, ಸೆಪ್ಟೆಂಬರ್ ಒಳಗೆ ಮುಗಿಸ್ಬೇಕು, ಆಫ್‌ಲೈನೋ ಆನ್‌ಲೈನೋ ಎರಡೂ ಸೇರಿಸಿಯೋ ನೀವೇ ನೋಡ್ಕೊಳ್ಳಿ ಅಂತು. ಅದು ಸುಪ್ರೀಂ ಕೋರ್ಟಿಗೆ ಹೋಯ್ತು, ಆಗಸ್ಟ್ 28ಕ್ಕೆ ತೀರ್ಪು ಬಂತು, ಪರೀಕ್ಷೆ ಇಲ್ದೆ ಕೊನೇ ವರ್ಷದವ್ರನ್ನ ಪಾಸು ಮಾಡೋ ಹಾಗಿಲ್ಲ, ಬೇಕಾದ್ರೆ ರಾಜ್ಯಗಳು ದಿನಾಂಕ ಮುಂದೂಡೋಕೆ ಯುಜಿಸಿನ ಕೇಳ್ಬಹುದು ಅಂತ. ಅದೇ ಆಗಸ್ಟಲ್ಲಿ ದೆಹಲಿ ವಿಶ್ವವಿದ್ಯಾಲಯ ಪುಸ್ತಕ ತೆರೆದಿಟ್ಕೊಂಡು ಮನೆಯಿಂದಲೇ ಬರೆಯೋ ಪರೀಕ್ಷೆ ಮಾಡ್ತು, ಪೋರ್ಟಲ್ ಕೈಕೊಟ್ಟಿದ್ದು, ಉತ್ತರಪತ್ರಿಕೆ ಅಪ್‌ಲೋಡ್ ಆಗದೇ ಹುಡುಗ್ರು ಒದ್ದಾಡಿದ್ದು, ವಿಷ್ಯ ಹೈಕೋರ್ಟ್ ಮೆಟ್ಟಿಲೇರಿದ್ದು ಎಲ್ಲಾ ಆವಾಗ್ಲೇ ಸುದ್ದಿ ಆಗಿತ್ತು.

ಕೋವಿಡ್ ಮುಗಿಯೋ ಮೊದ್ಲೇ, 2021ರ ಮೇ ತಿಂಗಳಲ್ಲಿ, ಯುಜಿಸಿ ಬ್ಲೆಂಡೆಡ್ ಲರ್ನಿಂಗ್ ಬಗ್ಗೆ ಒಂದು ಪರಿಕಲ್ಪನಾ ಟಿಪ್ಪಣಿ ಹೊರಗೆ ಬಿಡ್ತು. ಯಾವುದೇ ಕೋರ್ಸಿನ 40% ವರೆಗೆ ಆನ್‌ಲೈನಲ್ಲಿ, ಮಿಕ್ಕ 60% ಕ್ಲಾಸಲ್ಲಿ ಅನ್ನೋದು ಅದ್ರ ತಿರುಳು. ಅದೇ ವರ್ಷ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ಸ್ವಯಂ ಪೋರ್ಟಲಿಂದ ತಗೋಬಹುದಾದ ಕೋರ್ಸುಗಳ ಮಿತೀನೂ 20%ನಿಂದ 40%ಗೆ ಏರ್ತು. ಇತ್ತ ಕರ್ನಾಟಕದಲ್ಲಿ 2021ರಲ್ಲಿ ಸರ್ಕಾರಿ ಕಾಲೇಜುಗಳಿಗೆ ಪಾಠ, ಟೆಸ್ಟು ಎಲ್ಲಾ ಆನ್‌ಲೈನಲ್ಲಿ ಇಡೋ ಎಲ್‌ಎಂಎಸ್ ಅನ್ನೋ ವ್ಯವಸ್ಥೆ ಬಂತು, ವಿದ್ಯಾರ್ಥಿಗಳಿಗೆ ಸುಮಾರು 1.55 ಲಕ್ಷ ಟ್ಯಾಬ್ ಹಂಚಿದ್ರು, ರಾಷ್ಟ್ರೀಯ ಶಿಕ್ಷಣ ನೀತಿ ಎನ್‌ಇಪಿ ಜಾರಿಗೆ ಬಂತು, ಅದ್ರ ಜೊತೆ ಡಿಜಿಟಲ್ ಫ್ಲೂಯೆನ್ಸಿ ಅಂತ ಒಂದು ಪೇಪರೂ ಬಂತು. ಅಂದ್ರೆ ಸಾಮಾನು ಇರ್ಲಿಲ್ಲ ಅಂತ ಹೇಳೋ ಹಾಗಿಲ್ಲ.

ಆದ್ರೆ ಕ್ಲಾಸಿನ ಮಟ್ಟದಲ್ಲಿ ಬ್ಲೆಂಡೆಡ್ ಅಂದ್ರೆ ಏನಾಗಿ ಉಳಿದಿದೆ ಅಂತ ಯಾವ ಡಿಗ್ರಿ ಹುಡುಗೀನ ಕೇಳಿದ್ರೂ ಹೇಳ್ತಾಳೆ, ವಾಟ್ಸಾಪ್ ಗ್ರೂಪಿಗೆ ಬರೋ ಪಿಡಿಎಫ್. ಮೇಷ್ಟ್ರು ನೋಟ್ಸ್ ಹಾಕ್ತಾರೆ, ಒಂದು ಯೂಟ್ಯೂಬ್ ಲಿಂಕ್ ಹಾಕ್ತಾರೆ, ಹುಡುಗ್ರು ಥಂಬ್ಸ್ ಅಪ್ ಹಾಕ್ತಾರೆ. ಇದ್ರಲ್ಲಿ ಮೇಷ್ಟ್ರದ್ದೇ ತಪ್ಪು ಅಂತ ಹೇಳೋಕೆ ನಂಗೆ ಮನಸ್ಸು ಒಪ್ಪಲ್ಲ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಹೊತ್ತಿರೋದು ಅತಿಥಿ ಉಪನ್ಯಾಸಕರು, ಅವ್ರಿಗೆ ವಾರಕ್ಕೆ ಇಷ್ಟು ಗಂಟೆ ಅಂತ ಕ್ಲಾಸಲ್ಲಿ ನಿಂತ ಹೊತ್ತಿಗೆ ಲೆಕ್ಕ, ಮನೇಲಿ ಕೂತು ಒಂದು ಒಳ್ಳೇ ಕ್ವಿಜ್ ತಯಾರು ಮಾಡೋಕೆ ಹಿಡಿಯೋ ಮೂರ್ನಾಲ್ಕು ಗಂಟೆ ಯಾರ ಲೆಕ್ಕಕ್ಕೂ ಬರಲ್ಲ, ಮುಂದಿನ ವರ್ಷ ಅದೇ ಕಾಲೇಜಲ್ಲಿ ಇರ್ತಾರೋ ಇಲ್ವೋ ಅನ್ನೋದೂ ಗ್ಯಾರಂಟಿ ಇಲ್ಲ. ಹೀಗಿರೋವಾಗ ಪ್ರಶ್ನೆಕೋಶ ಕಟ್ಟಿ ಅಂದ್ರೆ ಯಾರು ಕಟ್ತಾರೆ? 40:60 ಅನ್ನೋ ಅನುಪಾತದ ಬಗ್ಗೆ ನಡೆದಷ್ಟು ಚರ್ಚೆ ಈ ಮೂರ್ನಾಲ್ಕು ಗಂಟೆ ಬಗ್ಗೆ ನಡೆದಿದ್ದನ್ನ ನಾನಂತೂ ಕೇಳಿಲ್ಲ.

ಈಗ ನಿಜವಾದ ವಿಷ್ಯಕ್ಕೆ ಬರ್ತೀನಿ. ಟೆಸ್ಟ್ ಅಂದ ತಕ್ಷಣ ನಮ್ಮ ತಲೇಲಿ ಬರೋದು ಅಳೆಯೋದು, ತಕ್ಕಡಿ ಥರ. ಆದ್ರೆ ಟೆಸ್ಟಿಗೆ ಇನ್ನೊಂದು ಗುಣ ಇದೆ, ಅದು ತಾನೇ ಕಲಿಸುತ್ತೆ. 2006ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕಿ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗ್ರ ಮೇಲೆ ಒಂದು ಪ್ರಯೋಗ ಮಾಡಿದ್ರು. ಒಂದು ಸಣ್ಣ ಪಾಠ ಕೊಟ್ಟು ಕೆಲವರಿಗೆ ಮತ್ತೆ ಮತ್ತೆ ಓದೋಕೆ ಹೇಳಿದ್ರು, ಇನ್ನು ಕೆಲವರಿಗೆ ಓದಿ ಆದ್ಮೇಲೆ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೀರಿ ಅಂದ್ರು. 5 ನಿಮಿಷ ಬಿಟ್ಟು ಕೇಳಿದ್ರೆ ಮತ್ತೆ ಮತ್ತೆ ಓದಿದವ್ರೇ ಮುಂದೆ. ಒಂದು ವಾರ ಬಿಟ್ಟು ಕೇಳಿದ್ರೆ ಉಲ್ಟಾ, ಮುಚ್ಚಿ ಬರೆದವ್ರಿಗೆ ಜಾಸ್ತಿ ನೆನಪಿತ್ತು. ಇದ್ರಲ್ಲಿ ಇನ್ನೊಂದು ಮುಖ್ಯ ಸಂಗತಿ ಇದೆ, ನಿಮಗೆ ವಾರ ಆದ್ಮೇಲೆ ಎಷ್ಟು ನೆನಪಿರುತ್ತೆ ಅನ್ಸುತ್ತೆ ಅಂತ ಮುಂಚೆಯೇ ಕೇಳಿದಾಗ ಹೆಚ್ಚು ಧೈರ್ಯ ತೋರಿಸಿದ್ದು ಬರೀ ಓದಿದವ್ರೇ. ಪರೀಕ್ಷೆ ಹಿಂದಿನ ರಾತ್ರಿ ಗೈಡನ್ನ ಮೂರು ಸಲ ಓದಿ "ಎಲ್ಲಾ ಬರುತ್ತೆ" ಅಂತ ಮಲಗಿ, ಹಾಲಲ್ಲಿ ಕೂತಾಗ ಕೈ ಓಡದೇ ಇರೋ ಅನುಭವ ನಮ್ಮಲ್ಲಿ ಯಾರಿಗಿಲ್ಲ ಹೇಳಿ.

ಹಂಗಾದ್ರೆ ವಾರಕ್ಕೊಂದು ಸಣ್ಣ ಟೆಸ್ಟ್ ಇಟ್ರೆ ಒಳ್ಳೇದು ಅಲ್ವಾ. ಆದ್ರೆ 80 ಜನರ ಕ್ಲಾಸಲ್ಲಿ ವಾರಾವಾರ ಪೇಪರ್ ತಿದ್ದಿ ವಾಪಸ್ ಕೊಡೋಕೆ ಮನುಷ್ಯಮಾತ್ರದವ್ರಿಂದ ಆಗಲ್ಲ. ಕಂಪ್ಯೂಟರ್ ನಿಜವಾಗಿ ಕೆಲ್ಸಕ್ಕೆ ಬರೋದು ಇಲ್ಲಿ. ಮೂಡಲ್ ಅನ್ನೋ ಮುಕ್ತ ತಂತ್ರಾಂಶ 2002ರಿಂದ ಇದೆ, ದುಡ್ಡಿಲ್ಲದೇ ಸಿಗುತ್ತೆ, ಅದ್ರಲ್ಲಿ ಪ್ರಶ್ನೆಕೋಶ ಮಾಡಿದ್ರೆ ಒಬ್ಬೊಬ್ಬರಿಗೂ ಬೇರೆ ಬೇರೆ ಪ್ರಶ್ನೆ ಎತ್ಕೊಡುತ್ತೆ, ಆಯ್ಕೆಗಳ ಕ್ರಮ ಕಲಸುತ್ತೆ, ಲೆಕ್ಕದ ಪ್ರಶ್ನೆ ಆದ್ರೆ ಪ್ರತಿಯೊಬ್ಬರಿಗೂ ಬೇರೆ ಅಂಕಿ ಹಾಕುತ್ತೆ, ಎಲ್ಲಕ್ಕಿಂತ ಮುಖ್ಯವಾಗಿ ಪ್ರತಿ ತಪ್ಪು ಉತ್ತರಕ್ಕೂ ಬೇರೆ ಬೇರೆ ವಿವರಣೆ ಕೊಡೋಕೆ ಜಾಗ ಇದೆ.

ಈ ಕೊನೇದನ್ನ ಜನ ಬಳಸೋದೇ ಕಮ್ಮಿ, ಅದಕ್ಕೇ ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಆ ಆಯುಧಪೂಜೆ ಪ್ರಶ್ನೆಯನ್ನೇ ತಗೊಳ್ಳಿ. ಅದಕ್ಕೆ ನಾಲ್ಕು ಆಯ್ಕೆ ಹಿಂಗೆ ಕೊಡ್ಬಹುದು: ಬೇಡಿಕೆ ನಿಯಮ ಇಲ್ಲಿ ಸುಳ್ಳಾಯ್ತು, ಸೇವಂತಿಗೆ ಒಂದು ಗಿಫೆನ್ ಸರಕು, ಇದು ಬೇಡಿಕೆಯ ವಿಸ್ತರಣೆ, ಬೇಡಿಕೆ ರೇಖೆಯೇ ಬಲಕ್ಕೆ ಸರೀತು. ಸರಿ ಉತ್ತರ ಕೊನೇದು. ಹಬ್ಬದಿಂದಾಗಿ ಎಲ್ಲಾ ಬೆಲೆಯಲ್ಲೂ ಜನ ಮೊದಲಿಗಿಂತ ಜಾಸ್ತಿ ಕೊಳ್ಳೋಕೆ ತಯಾರಿದ್ದಾರೆ, ಹಾಗಾಗಿ ಯಾವ ಬೆಲೆಗೆ ಎಷ್ಟು ಕೊಳ್ತಾರೆ ಅಂತ ತೋರಿಸೋ ಆ ರೇಖೆ ಜರುಗಿದೆ, ಜರುಗಿದ್ದರಿಂದಲೇ ಬೆಲೆ ಏರಿದೆ, ನಿಯಮ ಇದ್ದಲ್ಲೇ ಇದೆ. ಈಗ ತಪ್ಪು ಉತ್ತರ ಒತ್ತಿದವ್ರನ್ನ ನೋಡಿ. ಮೊದಲನೇದನ್ನ ಒತ್ತಿದವನಿಗೆ "ಇತರ ಅಂಶಗಳು ಸ್ಥಿರವಾಗಿದ್ದಾಗ" ಅನ್ನೋ ಮಾತು ಬಾಯಿಪಾಠ ಬಂದಿದೆ, ಅರ್ಥ ಆಗಿಲ್ಲ. ಎರಡನೇದನ್ನ ಒತ್ತಿದವಳು ಗಿಫೆನ್ ಅನ್ನೋದನ್ನ "ಬೆಲೆ ಏರಿದ್ರೂ ಕೊಳ್ಳೋದು" ಅಂತಷ್ಟೇ ನೆನಪಿಟ್ಕೊಂಡಿದ್ದಾಳೆ, ಬೆಲೆ ಏರಿದಾಗ ಬೇರೇದಕ್ಕೆ ದುಡ್ಡು ಸಾಲದೇ ಬಡವರು ಅದೇ ಕೀಳು ಸರಕನ್ನ ಇನ್ನೂ ಜಾಸ್ತಿ ಕೊಳ್ತಾರೆ ಅನ್ನೋ ಭಾಗ ಬಿಟ್ಟುಹೋಗಿದೆ. ಮೂರನೇದನ್ನ ಒತ್ತಿದವ್ರಿಗೆ ಬೆಲೆ ಇಳಿದಾಗ ರೇಖೆ ಮೇಲೆ ಚಲಿಸೋದಕ್ಕೂ (ವಿಸ್ತರಣೆ ಅನ್ನೋದು ಇದಕ್ಕೆ) ರೇಖೆಯೇ ಚಲಿಸೋದಕ್ಕೂ ವ್ಯತ್ಯಾಸ ಗೊತ್ತಿಲ್ಲ. ಮೂರೂ ತಪ್ಪೇ, ಆದ್ರೆ ಮೂರೂ ಬೇರೆ ಬೇರೆ ಕಾಯಿಲೆ, ಒಂದೊಂದಕ್ಕೂ ಬೇರೆ ಔಷಧಿ. ಒತ್ತಿದ ಮರುಕ್ಷಣವೇ ಅವರವರಿಗೆ ಬೇಕಾದ ಎರಡು ಸಾಲು ಪರದೆ ಮೇಲೆ ಬರುತ್ತೆ ಅಂದ್ರೆ ಅದು ಟೆಸ್ಟಲ್ಲ, ಟ್ಯೂಷನ್.

ಮೇಷ್ಟ್ರಿಗೂ ಇದ್ರಿಂದ ಸಿಗೋದಿದೆ. ಒಂದು ಪ್ರಶ್ನೇನ ಎಷ್ಟು ಜನ ಸರಿ ಮಾಡಿದ್ರು ಅನ್ನೋದು ಅದ್ರ ಕಷ್ಟದ ಮಟ್ಟ. ಒಟ್ಟು ಅಂಕದಲ್ಲಿ ಮೇಲಿರೋ 27% ಜನರಲ್ಲಿ ಎಷ್ಟು ಪಾಲು ಸರಿ ಮಾಡಿದ್ರು, ಕೆಳಗಿರೋ 27% ಜನರಲ್ಲಿ ಎಷ್ಟು ಪಾಲು ಸರಿ ಮಾಡಿದ್ರು, ಇವೆರಡರ ವ್ಯತ್ಯಾಸ ತೆಗೆದ್ರೆ ಆ ಪ್ರಶ್ನೆ ಕಲಿತವ್ರನ್ನೂ ಕಲಿಯದವ್ರನ್ನೂ ಬೇರೆ ಮಾಡುತ್ತೋ ಇಲ್ವೋ ಅಂತ ಗೊತ್ತಾಗುತ್ತೆ. ವ್ಯತ್ಯಾಸ ಸೊನ್ನೆ ಹತ್ರ ಬಂದ್ರೆ ಪ್ರಶ್ನೆ ಏನೂ ಹೇಳ್ತಿಲ್ಲ, ಮೈನಸ್ ಬಂದ್ರೆ ಪ್ರಶ್ನೇಲೇ ದೋಷ ಇರೋ ಸಾಧ್ಯತೆ ಜಾಸ್ತಿ, ಜಾಣರು ಗೊಂದಲಕ್ಕೆ ಬಿದ್ದಿದ್ದಾರೆ ಇಲ್ಲಾ ಸರಿ ಉತ್ತರ ಅಂತ ಗುರುತು ಮಾಡಿದ್ದೇ ತಪ್ಪಿದೆ. ಈ ಲೆಕ್ಕ ಹೊಸದೇನಲ್ಲ, ಶತಮಾನದ ಹತ್ರ ಹಳೇದು, ಕೈಯಲ್ಲಿ ಮಾಡೋಕೆ ಪುರುಸೊತ್ತಿರ್ಲಿಲ್ಲ ಅಷ್ಟೇ, ಈಗ ಒಂದು ಬಟನ್ ಒತ್ತಿದ್ರೆ ಬರುತ್ತೆ. ನನ್ನ ಆ ಗೂಗಲ್ ಫಾರ್ಮ್ ಪ್ರಶ್ನೆಗಳಿಗೆ ಈ ಲೆಕ್ಕ ಹಾಕಿದ್ರೆ ಏನೂ ಸಿಗ್ತಿರ್ಲಿಲ್ಲ, ಯಾಕಂದ್ರೆ ಎಲ್ರೂ ಎಲ್ಲಾನೂ ಸರಿ ಮಾಡಿದ್ರು.

ಯಾಕೆ ಎಲ್ರೂ ಸರಿ ಮಾಡಿದ್ರು? ಅದಕ್ಕೆ ಅಂಕ ಇತ್ತು, ಅದಕ್ಕೆ. ನೋಡೋಕೆ ಸಣ್ಣ ವಿಷ್ಯ, ಆದ್ರೆ ಎಲ್ಲಾ ಗಂಟೂ ಇಲ್ಲೇ ಇದೆ. ಮನೇಲಿ ಮೊಬೈಲಲ್ಲಿ ಬರೆಯೋ ಟೆಸ್ಟಿಗೆ ಅಂಕ ಇಟ್ಟ ಕ್ಷಣ ಹುಡುಗ್ರ ಗುರಿ ಕಲಿಯೋದರಿಂದ ಅಂಕದ ಕಡೆ ಹೊರಳುತ್ತೆ, ನಮ್ಮ ಗುರಿ ಕಲಿಸೋದರಿಂದ ಕಾವಲು ಕಾಯೋದಕ್ಕೆ ಹೊರಳುತ್ತೆ. ಆಮೇಲೆ ಕ್ಯಾಮೆರಾ ಆನ್ ಮಾಡಿ, ಕೋಣೆ ತೋರಿಸಿ, ತಲೆ ಆಕಡೆ ಈಕಡೆ ತಿರುಗಿಸ್ಬೇಡಿ ಅನ್ನೋ ಪ್ರಾಕ್ಟರಿಂಗ್ ಸಾಫ್ಟ್‌ವೇರ್ ಬರುತ್ತೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ ಪರೀಕ್ಷೆಗೆ ಮುಂಚೆ ತನ್ನ ಮಲಗೋ ಕೋಣೇನ ಕ್ಯಾಮೆರಾದಲ್ಲಿ ತೋರಿಸ್ಬೇಕಾಗಿ ಬಂದಿದ್ದಕ್ಕೆ ಕೇಸ್ ಹಾಕಿ, 2022ರಲ್ಲಿ ಅಲ್ಲಿನ ಫೆಡರಲ್ ಕೋರ್ಟ್ ಅವನ ಪರವಾಗಿ ತೀರ್ಪು ಕೊಡ್ತು. ಅಲ್ಲಿ ಕನಿಷ್ಠ ಅವನಿಗೆ ಅಂತ ಒಂದು ಕೋಣೆ ಇತ್ತು. ನಮ್ಮ ಹುಡುಗೀರಲ್ಲಿ ಎಷ್ಟೋ ಜನ ಓದೋದು ನಡುಮನೇಲಿ, ಹಿಂದೆ ಟಿವಿ ಓಡ್ತಿರುತ್ತೆ, ತಮ್ಮ ಹೋಂವರ್ಕ್ ಮಾಡ್ತಿರ್ತಾನೆ, ಅಜ್ಜಿ ಕರೀತಿರ್ತಾರೆ, ಅಂಥಾ ಮನೇಲಿ ತಲೆ ತಿರುಗಿಸಿದ್ರೆ ನಕಲು ಅಂತ ಒಂದು ಪ್ರೋಗ್ರಾಂ ತೀರ್ಮಾನ ಮಾಡೋದು ನನ್ನ ಪ್ರಕಾರ ಅನ್ಯಾಯ.

ಇದ್ರ ಜೊತೆಗೆ 2022ರ ನವೆಂಬರ್ ಕೊನೇಲಿ ಚಾಟ್‌ಜಿಪಿಟಿ ಬಂತು, ಮನೇಲಿ ಬರೆಯೋ ಅಸೈನ್‌ಮೆಂಟಿನ ಕಥೆ ಅಲ್ಲಿಗೆ ಬೇರೇನೇ ಆಯ್ತು. ಎಐ ಬರೆದಿದ್ದನ್ನ ಹಿಡಿಯೋ ಸಾಫ್ಟ್‌ವೇರ್ ಇದೆ ಅಂತ ಮಾರೋವ್ರಿದ್ದಾರೆ, ಆದ್ರೆ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ತಾನು ಬಿಟ್ಟಿದ್ದ ಪತ್ತೆ ಉಪಕರಣವನ್ನ ನಿಖರತೆ ಸಾಲದು ಅಂತ 2023ರ ಜುಲೈನಲ್ಲಿ ವಾಪಸ್ ತಗೊಳ್ತು. ಅದೇ ವರ್ಷ ಸ್ಟ್ಯಾನ್‌ಫರ್ಡಿನ ಸಂಶೋಧಕರು ಇಂಥ ಏಳು ಉಪಕರಣಗಳನ್ನ ಪರೀಕ್ಷೆ ಮಾಡಿದಾಗ ಇಂಗ್ಲಿಷ್ ಮಾತೃಭಾಷೆ ಅಲ್ಲದವ್ರು ಟೋಫೆಲ್ ಅನ್ನೋ ಇಂಗ್ಲಿಷ್ ಪರೀಕ್ಷೆಗೆ ಕೈಯಾರೆ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನ ಎಐ ಬರೆದಿದ್ದು ಅಂತ ತಪ್ಪಾಗಿ ಹೇಳಿದ್ವು. ಸರಳ ಪದ, ಸರಳ ವಾಕ್ಯ ಬಳಸಿದ್ದೇ ಅವ್ರ ತಪ್ಪಾಯ್ತು. ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಬಿಕಾಂನಲ್ಲಿ ಕಷ್ಟಪಟ್ಟು ಇಂಗ್ಲಿಷಲ್ಲಿ ಎರಡು ಪುಟ ಬರೆಯೋ ನಮ್ಮ ಹುಡುಗ್ರ ಮೇಲೆ ಇಂಥದ್ದನ್ನ ಬಿಟ್ರೆ ಏನಾಗುತ್ತೆ ಅಂತ ನೆನೆಸ್ಕೊಂಡ್ರೇ ಭಯ ಆಗುತ್ತೆ.

ಭಾಷೆ ವಿಷ್ಯ ಬಂತಲ್ಲ, ಇದನ್ನ ಆನ್‌ಲೈನ್ ಪರೀಕ್ಷೆ ಬಗ್ಗೆ ಮಾತಾಡೋವಾಗ ಯಾರೂ ಎತ್ತಲ್ಲ. ಬಿಎ ಹುಡುಗ್ರಲ್ಲಿ ತುಂಬಾ ಜನ ಬರೆಯೋದು ಕನ್ನಡದಲ್ಲಿ. ಕಂಪ್ಯೂಟರಲ್ಲಿ 10 ಅಂಕದ ಉತ್ತರ ಟೈಪ್ ಮಾಡಿ ಅಂದ್ರೆ ಅವ್ರ ಬೇಡಿಕೆ ಸಿದ್ಧಾಂತದ ತಿಳುವಳಿಕೆ ಅಲ್ಲ, ಒತ್ತಕ್ಷರ ಹುಡುಕೋ ವೇಗ ಅಳೆದ ಹಾಗಾಗುತ್ತೆ. ಕೈಲಿ ಬರೆದು ಫೋಟೋ ತೆಗೆದು ಹಾಕಿ ಅಂದ್ರೆ ಬೆಳಕು, ನೆರಳು, ಪುಟದ ಕ್ರಮ, ಅಪ್‌ಲೋಡ್. ಇನ್ನು ಮೇಷ್ಟ್ರ ಕಡೆ ಸಮಸ್ಯೆ ಬೇರೆ, ವರ್ಷಗಟ್ಟಲೆ ಕೂಡಿಟ್ಟ ಪ್ರಶ್ನೆಪತ್ರಿಕೆಗಳೆಲ್ಲಾ ಹಳೇ ನುಡಿ ಫಾಂಟಲ್ಲಿವೆ, ಎಲ್ಲಾ ಕಂಪ್ಯೂಟರಲ್ಲೂ ಸರಿಯಾಗಿ ಕಾಣೋ ಯೂನಿಕೋಡಲ್ಲಿ ಇಲ್ಲ, ಹಾಗೇ ತಂದು ಎಲ್‌ಎಂಎಸ್‌ಗೆ ಅಂಟಿಸಿದ್ರೆ ಪರದೆ ಮೇಲೆ ಬರೋದು ಅರ್ಥ ಇಲ್ಲದ ಅಕ್ಷರಗಳ ರಾಶಿ. ಪರಿವರ್ತನೆ ಮಾಡೋ ತಂತ್ರಾಂಶ ಇದೆ, ಮಾಡಿದ್ಮೇಲೂ ಕೂತು ತಿದ್ದಬೇಕು. ಒಂದು ವಿಶ್ವವಿದ್ಯಾಲಯ ಮನಸ್ಸು ಮಾಡಿ ಒಂದೊಂದು ವಿಷಯಕ್ಕೂ ಹತ್ತು ಮೇಷ್ಟ್ರನ್ನ ಕೂರಿಸಿ, ಗೌರವಧನ ಕೊಟ್ಟು, ಯೂನಿಕೋಡ್ ಕನ್ನಡದಲ್ಲಿ ಪ್ರಶ್ನೆಕೋಶ ಮಾಡಿಸಿದ್ರೆ ರಾಜ್ಯದ ಎಲ್ಲಾ ಕಾಲೇಜಿಗೂ ಅದೇ ಸಾಕು. ಇದಕ್ಕೆ ಬೇಕಾಗೋ ದುಡ್ಡು ಟ್ಯಾಬಿಗೆ ಹಾಕಿದ್ದರ ಮುಂದೆ ಲೆಕ್ಕಕ್ಕೇ ಇಲ್ಲ.

ನೆಟ್‌ವರ್ಕ್ ಬಗ್ಗೆ ಎಲ್ರಿಗೂ ಗೊತ್ತು, ಹಾಗಾಗಿ ಚಿಕ್ಕದಾಗಿ ಹೇಳ್ತೀನಿ. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರು ಕಡೆ ರಸ್ತೆ ಬದೀಲಿ ಕೂತು ಮಗಳು ಆನ್‌ಲೈನ್ ಪಾಠ ಕೇಳ್ತಿದ್ರೆ ಅಪ್ಪ ಕೊಡೆ ಹಿಡ್ಕೊಂಡು ನಿಂತಿದ್ದ ಫೋಟೋ ನೋಡದವ್ರು ಯಾರೂ ಇರ್ಲಿಕ್ಕಿಲ್ಲ, ಆಕೆ ಎಸ್ಸೆಸ್ಸೆಲ್ಸಿ, ಆದ್ರೆ ಮಲೆನಾಡಿನ ಡಿಗ್ರಿ ಮಕ್ಕಳ ಕಥೇನೂ ಅದೇ ಆಗಿತ್ತು. ಕೋವಿಡ್‌ಗೆ ಮುಂಚಿನ 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಪ್ರಕಾರ ದೇಶದ ಹಳ್ಳಿ ಮನೆಗಳಲ್ಲಿ ಕಂಪ್ಯೂಟರ್ ಇದ್ದಿದ್ದು 4.4% ಮನೆಗಳಲ್ಲಿ ಮಾತ್ರ. ಆವಾಗಿಂದ ಫೋನು, ಡೇಟಾ ತುಂಬಾ ಹರಡಿದೆ, ಒಪ್ತೀನಿ, ಆದ್ರೆ ಪರೀಕ್ಷೆ ಅನ್ನೋದಕ್ಕೆ "ಹೆಚ್ಚಿನವ್ರಿಗೆ ಸಿಗುತ್ತೆ" ಸಾಕಾಗಲ್ಲ, ಎಲ್ರಿಗೂ ಅದೇ ಗಂಟೇಲಿ ಸಿಗ್ಬೇಕು. ಅಂಕ ಇಲ್ಲದ ವಾರದ ಕ್ವಿಜ್‌ಗೆ ಆ ತೊಂದ್ರೆ ಇಲ್ಲ, ನಾಲ್ಕು ದಿನ ತೆರೆದಿಟ್ರೆ ಕಾಲೇಜಿಗೆ ಬಂದಾಗ ಲೈಬ್ರರೀಲಿ ಕೂತೂ ಮಾಡ್ಬಹುದು.

ಇದಕ್ಕೆ ಮಾದರಿ ಹುಡುಕೋಕೆ ವಿದೇಶಕ್ಕೇನೂ ಹೋಗ್ಬೇಕಾಗಿಲ್ಲ. ಐಐಟಿಗಳು ಮತ್ತೆ ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸೋ ಎನ್‌ಪಿಟಿಇಎಲ್ ಕೋರ್ಸುಗಳಲ್ಲಿ ಪಾಠ ಆನ್‌ಲೈನ್, ವಾರಾವಾರದ ಅಸೈನ್‌ಮೆಂಟ್ ಆನ್‌ಲೈನ್, ಆದ್ರೆ ಅದಕ್ಕೆ ಬರೀ 25 ಅಂಕ. ಮಿಕ್ಕ 75 ಅಂಕ ಬೇಕಂದ್ರೆ ಗುರುತಿನ ಚೀಟಿ ಹಿಡ್ಕೊಂಡು ಪರೀಕ್ಷಾ ಕೇಂದ್ರಕ್ಕೆ ಹೋಗ್ಬೇಕು. ಸರ್ಟಿಫಿಕೇಟಿಗೆ 25ರಲ್ಲಿ 10, 75ರಲ್ಲಿ 30 ಎರಡೂ ಬರ್ಬೇಕು, ಒಂದರ ಕೊರತೇನ ಇನ್ನೊಂದರಿಂದ ತುಂಬೋ ಹಾಗಿಲ್ಲ. ಇಡೀ ಪಾಠ ಆನ್‌ಲೈನಲ್ಲೇ ಮಾಡೋವ್ರು ಕೂಡ ಕೊನೇ ಅಳತೆ ಮಾತ್ರ ಮನೆಗೆ ಬಿಡ್ಲಿಲ್ಲ ಅನ್ನೋದನ್ನ ಗಮನಿಸಿ.

ಮಧ್ಯೆ ಒಂದು ಮಾತು, ಆನ್‌ಲೈನ್ ಮೌಲ್ಯಮಾಪನ ಅಂದ್ರೆ ಕೆಲವರು ಉತ್ತರಪತ್ರಿಕೆ ಸ್ಕ್ಯಾನ್ ಮಾಡಿ ಪರದೆ ಮೇಲೆ ತಿದ್ದೋದನ್ನೂ ಹೇಳ್ತಾರೆ. ಅದು ಬೇರೆ ವಿಷ್ಯ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಇದನ್ನ ದಶಕದಿಂದ ಮಾಡ್ತಿದೆ, ಕೂಡಿಸೋದ್ರಲ್ಲಿ ಆಗೋ ತಪ್ಪು ಇಲ್ದಂಗಾಗುತ್ತೆ, ಪ್ರತಿ ತರಿಸ್ಕೊಂಡು ನೋಡೋದೂ ಸುಲಭ. ತಯಾರಿ ಇಲ್ದೆ ಮಾಡಿದ್ರೆ ಏನಾಗುತ್ತೆ ಅನ್ನೋದಕ್ಕೆ 2017ರ ಮುಂಬೈ ವಿಶ್ವವಿದ್ಯಾಲಯ ಇದೆ, ಒಂದೇ ಸಲಕ್ಕೆ ಎಲ್ಲಾ ಪತ್ರಿಕೆ ಪರದೆಗೆ ತಂದು ಫಲಿತಾಂಶ ತಿಂಗಳುಗಟ್ಟಲೆ ನಿಂತು, ಆ ಅಕ್ಟೋಬರಲ್ಲಿ ಕುಲಪತಿಯನ್ನೇ ವಜಾ ಮಾಡಿದ್ರು.

ನಮ್ಮಲ್ಲಿ ಎನ್‌ಇಪಿ ಇದ್ದಾಗ ಇಂಟರ್ನಲ್ 40, ಸೆಮಿಸ್ಟರ್ ಪರೀಕ್ಷೆ 60 ಇತ್ತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದ್ಮೇಲೆ ಬಹಳ ಕಡೆ ಅದು 20-80 ಆಗಿದೆ. ಇಂಟರ್ನಲ್ ಅಂಕ ಧಾರಾಳವಾಗಿ ಹಂಚಿಹೋಗ್ತಿತ್ತು ಅನ್ನೋ ದೂರು ನಿಜ, ನಾನೂ ಒಪ್ತೀನಿ, ಆದ್ರೆ ಅಂಕ ಇಳಿಸಿದ ಜೊತೆಗೇ ವರ್ಷದುದ್ದ ನಡೀಬೇಕಾದ ಸಣ್ಣ ಟೆಸ್ಟುಗಳ ಬಗ್ಗೆ ಇದ್ದ ಕಾಳಜೀನೂ ಇಳೀತು, ಎಲ್ಲಾ ಭಾರ ಮತ್ತೆ ಕೊನೇ ಮೂರು ಗಂಟೆ ಮೇಲೆ ಬಿತ್ತು. ನಾನು ಕೇಳೋದಾದ್ರೆ ಆ 20 ಅಂಕಾನ ಕ್ಲಾಸಲ್ಲೇ, ಎದುರಿಗೇ ಕೊಡಿ ಅಂತೀನಿ, ಒಂದು ಬರವಣಿಗೆ, ಒಂದು ಐದು ನಿಮಿಷದ ಮೌಖಿಕ ಪ್ರಶ್ನೆ. ಅಸೈನ್‌ಮೆಂಟ್ ಯಾರು ಬೇಕಾದ್ರೂ ಬರೆದುಕೊಡ್ಲಿ, ಎದುರು ಕೂತು "ಈ ಸಾಲು ಯಾಕೆ ಬರೆದೆ?" ಅಂತ ಕೇಳಿದ್ರೆ ಗೊತ್ತಾಗುತ್ತೆ. ವಾರದ ಆನ್‌ಲೈನ್ ಕ್ವಿಜ್ ಮಾತ್ರ ಅಂಕದ ಹಂಗಿಲ್ಲದೇ ಇರ್ಲಿ.

ಈ ಸೆಮಿಸ್ಟರ್ ನಾನು ಹಾಗೇ ಮಾಡ್ತಿದೀನಿ. ಶುಕ್ರವಾರ ಸಂಜೆ ಐದು ಪ್ರಶ್ನೆ ಹಾಕ್ತೀನಿ, ಮಂಗಳವಾರ ಬೆಳಿಗ್ಗೆ ಮುಚ್ಚುತ್ತೆ, ಅಂಕ ಇಲ್ಲ, ಎಷ್ಟು ಸಲ ಬೇಕಾದ್ರೂ ಮಾಡ್ಬಹುದು. ಮೊದಲ ಎರಡು ವಾರ ಕಾಲುಭಾಗ ಜನಾನೂ ಮಾಡ್ಲಿಲ್ಲ, ಅಂಕ ಇಲ್ಲ ಅಂದ್ರೆ ಯಾಕೆ ಮಾಡ್ಬೇಕು ಸಾರ್ ಅಂತ ಕೇಳಿದ್ರು, ಸರಿಯಾದ ಪ್ರಶ್ನೇನೇ. ಆಮೇಲೆ ಮಂಗಳವಾರದ ಕ್ಲಾಸನ್ನ ಅತಿ ಹೆಚ್ಚು ಜನ ತಪ್ಪಿದ ಪ್ರಶ್ನೆಯಿಂದಲೇ ಶುರು ಮಾಡೋಕೆ ಹಿಡಿದೆ, ಯಾರು ತಪ್ಪಿದ್ರು ಅಂತ ಹೇಳಲ್ಲ, ಯಾಕೆ ತಪ್ಪಿರ್ಬಹುದು ಅಂತ ಮಾತ್ರ ಮಾತಾಡ್ತೀವಿ. ಈಗ ಅರ್ಧಕ್ಕಿಂತ ಜಾಸ್ತಿ ಜನ ಮಾಡ್ತಾರೆ, ಉಳಿದವ್ರನ್ನ ಹೆಂಗೆ ಒಳಗೆ ತರೋದು ಅಂತ ಇನ್ನೂ ಹುಡುಕ್ತಿದೀನಿ, ಅವ್ರಲ್ಲಿ ಕೆಲವರಿಗೆ ಸಂಜೆ ಅಂಗಡಿ ಕೆಲ್ಸ ಇದೆ. ಹೋದ ವಾರ ಒಬ್ಬಳು ಹುಡುಗಿ ಕ್ಲಾಸ್ ಮುಗಿದ್ಮೇಲೆ ಬಂದು, ಅವ್ರಪ್ಪ ಸಂತೇಲಿ ಹೂವು ಮಾರ್ತಾರಂತೆ, ಹಬ್ಬದ ಮಾರನೇ ದಿನ ರೇಟು ಬಿದ್ದುಹೋದ್ರೂ ಯಾರೂ ತಗೊಳ್ಳಲ್ಲ, ಅದು ರೇಖೆ ಎಡಕ್ಕೆ ಸರಿದಿದ್ದಾ ಸಾರ್ ಅಂತ ಕೇಳಿದ್ಲು. ಬಸ್ಸಿಗೆ ಟೈಮಾಗಿತ್ತು ಅವಳಿಗೆ, ಕಾರಿಡಾರಲ್ಲೇ ನಿಂತು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಇಬ್ರೂ ಆ ಚಿತ್ರ ಬರೆದ್ವಿ.